ವೇ ಬ್ರಿಜ್ ಕಂಪ್ಯೂಟರಿನ ಡ್ರೈವರ್ ಮತ್ತು ಕರ್ನಲ್ ಆವೃತ್ತಿ

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಭತ್ತದ ಲಾರಿಗಳನ್ನು ತೂಗುವ ವೇ ಬ್ರಿಜ್‌ನ ಲಿನಕ್ಸ್ ಕಂಪ್ಯೂಟರನ್ನು ನೋಡಿಕೊಳ್ಳುವ ಕೆಲಸ ನನ್ನದು. ತೂಕದ ಅಂಕಿಗಳನ್ನು ತರುವ ಸೀರಿಯಲ್ ಕಾರ್ಡಿನ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಲಿನಕ್ಸಿನ ತಿರುಳಾದ ಕರ್ನಲ್‌ನೊಡನೆ ಬಂದದ್ದಲ್ಲ, ನಾನೇ ಕಂಪೈಲ್ ಮಾಡಿ ಸೇರಿಸಿದ ಮಾಡ್ಯೂಲ್, ಅಂದರೆ ಕರ್ನಲ್ಲಿಗೆ ಬೇಕಾದಾಗ ಜೋಡಿಸುವ ಭಾಗ. ಸುಗ್ಗಿಯ ನಡುವೆ ಕರ್ನಲ್ ಅಪ್‌ಡೇಟ್ ಆಯಿತು. ಮರುದಿನ ಬೆಳಿಗ್ಗೆ, ಹಳೆಯ ಮಾಡ್ಯೂಲ್ ಫೈಲನ್ನೇ ಇನ್‌ಸ್‌ಮಾಡ್ ಆಜ್ಞೆಯಿಂದ ಕರ್ನಲ್ಲಿಗೆ ಸೇರಿಸುತ್ತಿದ್ದ ನನ್ನ ಸ್ಕ್ರಿಪ್ಟ್ 'ಇನ್‌ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್' (ಮಾಡ್ಯೂಲಿನ ರೂಪ ಸರಿಯಿಲ್ಲ) ಎಂದು ನಿಂತುಬಿಟ್ಟಿತು.

ಕಂಪ್ಯೂಟರ್ ಆರಂಭವಾಗುವಾಗ ಬರುವ ಗ್ರಬ್ ಮೆನುವಿನಿಂದ ಹಳೆಯ ಕರ್ನಲ್ಲನ್ನು ಬೂಟ್ ಮಾಡಿ ಲಾರಿಗಳನ್ನು ಕಳುಹಿಸಿದ ಮೇಲೆ ಕಾರಣ ಹುಡುಕಲು ಕುಳಿತೆ. ಪ್ರತಿ ಮಾಡ್ಯೂಲಿನಲ್ಲೂ ವರ್‌ಮ್ಯಾಜಿಕ್ ಎಂಬ ಸಾಲೊಂದು ಇರುತ್ತದೆ; ಮಾಡ್‌ಇನ್ಫೋ ಆಜ್ಞೆಯಿಂದ ಅದನ್ನು ನೋಡಬಹುದು. ಕರ್ನಲ್ ಆವೃತ್ತಿ, ಎಸ್‌ಎಂಪಿ (ಹಲವು ಪ್ರೊಸೆಸರ್‌ಗಳ ಬಳಕೆ), ಪ್ರಿಎಂಪ್ಟ್ (ನಡೆಯುತ್ತಿರುವ ಕೆಲಸವನ್ನು ತಡೆದು ಬೇರೆಯದಕ್ಕೆ ಅವಕಾಶ ಕೊಡುವುದು) ಮೊದಲಾದ ಆಯ್ಕೆಗಳು ಅದರಲ್ಲಿ ದಾಖಲಾಗಿರುತ್ತವೆ. ಫಂಕ್ಷನ್‌ಗಳ ಗುರುತು ಸಂಖ್ಯೆಗಳನ್ನು ತಾಳೆ ನೋಡುವ ಮಾಡ್‌ವರ್ಷನ್ಸ್ ಆಯ್ಕೆ ಕರ್ನಲ್ಲಿನಲ್ಲಿ ಇಲ್ಲದಿದ್ದರೆ ಇಡೀ ಸಾಲು ಕರ್ನಲ್ಲಿನ ಸಾಲಿಗೆ ಅಕ್ಷರಶಃ ಹೊಂದಬೇಕು. ಆ ಆಯ್ಕೆ ಇದ್ದು, ಮಾಡ್ಯೂಲಿನಲ್ಲೂ ಸಿಆರ್‌ಸಿಗಳು, ಅಂದರೆ ಆ ಗುರುತು ಸಂಖ್ಯೆಗಳು, ಇದ್ದರೆ ಕರ್ನಲ್ ಆವೃತ್ತಿಯ ಭಾಗವನ್ನು ಬಿಟ್ಟು ಉಳಿದದ್ದನ್ನು ಮಾತ್ರ ಕರ್ನಲ್ ಹೋಲಿಸುತ್ತದೆ. ಜೊತೆಗೆ, ಮಾಡ್ಯೂಲ್ ಬಳಸುವ ಪ್ರತಿ ಎಕ್ಸ್‌ಪೋರ್ಟ್ ಆದ (ಮಾಡ್ಯೂಲ್‌ಗಳ ಬಳಕೆಗೆ ಕರ್ನಲ್ ಬಿಟ್ಟುಕೊಟ್ಟ) ಫಂಕ್ಷನ್ನಿನ ಟೈಪ್‌ಗಳಿಂದ (ದತ್ತಾಂಶದ ಬಗೆಗಳಿಂದ) ಲೆಕ್ಕಹಾಕಿದ ಸಿಆರ್‌ಸಿಯನ್ನು ತನ್ನ ಸಿಆರ್‌ಸಿಯೊಡನೆ ತಾಳೆ ನೋಡುತ್ತದೆ. ಆ ಟೈಪ್‌ಗಳಲ್ಲಿನ ಸ್ಟ್ರಕ್ಚರಿಗೆ (ಹಲವು ಫೀಲ್ಡ್‌ಗಳ ಕಟ್ಟಿಗೆ) ಒಂದು ಫೀಲ್ಡ್ ಸೇರಿದರೂ ಸಿಆರ್‌ಸಿ ಬದಲಾಗುತ್ತದೆ. ಆದರೆ ಟೈಪ್ ಹಾಗೆಯೇ ಉಳಿದು ಫಂಕ್ಷನ್ನಿನ ನಡವಳಿಕೆ ಮಾತ್ರ ಬದಲಾದರೆ ಇದು ಹಿಡಿಯದು. ಈ ಆಯ್ಕೆ ಹೊಂದಾಣಿಕೆಯನ್ನು ಉಂಟುಮಾಡುವುದಿಲ್ಲ, ಹೊಂದದಿದ್ದರೆ ತಡೆಯುತ್ತದೆ ಅಷ್ಟೇ ಎಂಬುದು ನನಗೆ ತಡವಾಗಿ ಹೊಳೆಯಿತು.

ಮಾಡ್ಯೂಲ್ ಲೋಡ್ ಮಾಡುವ ಮಾಡ್‌ಪ್ರೋಬ್ ಆಜ್ಞೆಗೆ ಫೋರ್ಸ್ (ಬಲವಂತ) ಆಯ್ಕೆ ಕೊಡಿ ಎಂದು ಗೆಳೆಯರೊಬ್ಬರು ಹೇಳಿದರು. ಕರ್ನಲ್ಲಿನಲ್ಲಿ ಬಲವಂತದ ಲೋಡಿಂಗ್‌ಗೆ ಅನುಮತಿ ಇದ್ದರಷ್ಟೇ ಅದು ನಡೆಯುತ್ತದೆ, ಕರ್ನಲ್ ಆಗ 'ಟೇಂಟೆಡ್' (ಕಳಂಕಿತ) ಎಂದು ಗುರುತಾಗುತ್ತದೆ. ರೈತರ ತೂಕದ ಚೀಟಿ ಬರುವ ಯಂತ್ರದಲ್ಲಿ ಆ ಸಾಹಸಕ್ಕೆ ನಾನು ಒಪ್ಪಲಿಲ್ಲ.

ಹೊಸ ಕರ್ನಲ್ಲಿಗೆ ಮರುಕಂಪೈಲ್ ಮಾಡುವಾಗಲೂ ಎಡವಿದೆ. ಮೂಲ ಕೋಡ್ ಇಳಿಸಿ ಮಾಡ್ಯೂಲ್ ಕಟ್ಟಲು ಸಿದ್ಧಪಡಿಸುವ 'ಮಾಡ್ಯೂಲ್ಸ್ ಪ್ರಿಪೇರ್' ಹಂತವನ್ನಷ್ಟೇ ನಡೆಸಿದ್ದೆ, ಅದು ಸಿಆರ್‌ಸಿಗಳ ಪಟ್ಟಿ ಇರುವ 'ಮಾಡ್ಯೂಲ್.ಸಿಮ್‌ವರ್ಸ್' ಫೈಲನ್ನು ತಯಾರಿಸುವುದಿಲ್ಲ, ಅದಿಲ್ಲದೆ ಕಟ್ಟಿದ ಮಾಡ್ಯೂಲಿನಲ್ಲಿ ಸಿಆರ್‌ಸಿಗಳೇ ಇರುವುದಿಲ್ಲ. ಲಿನಕ್ಸ್ ವಿತರಣೆಯವರು ಮಾಡ್ಯೂಲ್ ಕಟ್ಟಲೆಂದು ಕೊಡುವ ಹೆಡರ್ಸ್ ಪ್ಯಾಕೇಜಿನಲ್ಲಿ ಆ ಫೈಲ್ ಸಿದ್ಧವಾಗಿಯೇ ಇತ್ತು. ಈಗ ಡ್ರೈವರನ್ನು ಡಿಕೆಎಂಎಸ್ ಎಂಬ ಸಾಧನಕ್ಕೆ ಒಪ್ಪಿಸಿದ್ದೇನೆ. ಹೊಸ ಕರ್ನಲ್ ಬಂದಾಗಲೆಲ್ಲ ಅದೇ ಮರುಕಂಪೈಲ್ ಮಾಡುತ್ತದೆ. ಆದರೂ ಸುಗ್ಗಿ ಮುಗಿಯುವವರೆಗೆ ಆ ಕಂಪ್ಯೂಟರಿನ ಕರ್ನಲ್ ಅಪ್‌ಡೇಟ್ ತಡೆಹಿಡಿದೇ ಇರುತ್ತದೆ.