ಬ್ರಿಟಿಷರು ಹೋಗಿ ಇಷ್ಟು ವರ್ಷ ಆಯ್ತಲ್ಲ, ಇನ್ನೂ ಅವರನ್ನೇ ಯಾಕೆ ಬೈತೀರಿ?

ಇತಿಹಾಸ ಪಾಠ ಮಾಡುವವನಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಕಾಲೇಜಿನಲ್ಲಿ ಮಕ್ಕಳು ಕೇಳುತ್ತಾರೆ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರೂ ಕೇಳುತ್ತಾರೆ. "ಸಿಂಗಾಪುರ ನೋಡಿ ಸರ್, ಅದೂ ಅವರ ಕೈಕೆಳಗೇ ಇತ್ತಲ್ವಾ?" ಅಂತ ಒಂದು ಬಾಲವೂ ಇರುತ್ತದೆ.

ಬೈಸಿಕೊಳ್ಳಬೇಕಾದವರು ಇಬ್ಬರಿದ್ದಾರೆ ಎನ್ನುವುದು ನನ್ನ ಉತ್ತರ. ಆಳುವ ಯಂತ್ರ ಕಟ್ಟಿದವರು ಅವರು. ಕೈಗೆ ಬಂದ ಮೇಲೆ ಬಿಚ್ಚಿ ನೋಡದೆ, ಎಣ್ಣೆ ಬಿಟ್ಟು ಓಡಿಸಿದವರು ನಾವು.

ದೂರ ಹೋಗುವುದು ಬೇಡ, ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಸಿದ್ದಾಪುರದ ಸೊಪ್ಪಿನ ಬೆಟ್ಟ ನೋಡಿ. ಅಡಿಕೆ ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ಎಲ್ಲ ಬರುವುದು ಅಲ್ಲಿಂದ. ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೂ ಬೆಟ್ಟ. ಬ್ರಿಟಿಷರಿಗೆ ಬೇಕಾಗಿದ್ದು ಹಡಗಿಗೆ, ರೈಲು ಹಳಿಗೆ ಮರ. 1878ರ ಅರಣ್ಯ ಕಾಯ್ದೆ ಬಂದ ಮೇಲೆ ಕಾಡು ಸರ್ಕಾರದ್ದಾಯಿತು. ಸೊಪ್ಪು ಕಡಿಯುವುದು ಹಕ್ಕಾಗಿ ಉಳಿಯಲಿಲ್ಲ, ಸಾಹೇಬರು ಕೊಟ್ಟ ಸವಲತ್ತಾಯಿತು. 1930ರ ಸ್ವಾತಂತ್ರ್ಯ ಹೋರಾಟದಲ್ಲಿ ಜನ ಅಂಕೋಲೆಯಲ್ಲಿ ಉಪ್ಪು ಮಾಡಿದರು. ಜಿಲ್ಲೆಯಲ್ಲಿ ಅರಣ್ಯ ಕಾನೂನು ಮುರಿದರು. ಅಂಕೋಲೆ, ಸಿದ್ದಾಪುರದ ರೈತರು ಕಂದಾಯ ಕಟ್ಟಲಿಲ್ಲ, ಅವರ ಜಮೀನು ಜಪ್ತಿಯಾಯಿತು.

ಆಮೇಲೆ ಸ್ವಾತಂತ್ರ್ಯ ಬಂತು. 1963ರಲ್ಲಿ ನಮ್ಮದೇ ರಾಜ್ಯದ ಅರಣ್ಯ ಕಾಯ್ದೆಯೂ ಬಂತು, ಆದರೆ ಎಲುಬಿನ ಗೂಡು ಹಳೆಯದೇ. ಕಾಡಿನಲ್ಲಿ ಇರುವವರಿಗೆ ಅನ್ಯಾಯವಾಗಿದೆ ಅಂತ ಸಂಸತ್ತು ಒಪ್ಪಿಕೊಂಡಿದ್ದು 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ. ಅದರಲ್ಲೂ ಒಂದು ಷರತ್ತು. ಪರಿಶಿಷ್ಟ ಪಂಗಡದವರಲ್ಲದಿದ್ದರೆ 2005ರ ಡಿಸೆಂಬರ್‌ಗೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದದ್ದು ತೋರಿಸಬೇಕು. ಲೆಕ್ಕ ಹಾಕಿ: 1930. ಅಂಕೋಲೆಯಲ್ಲಿ ಉಪ್ಪು ಮಾಡಿದ ಅದೇ ವರ್ಷ!

ನನ್ನ ಪರಿಚಯದ ಹಿರಿಯರೊಬ್ಬರು ತಮ್ಮ ಅರಣ್ಯ ಹಕ್ಕಿನ ಅರ್ಜಿಯ ಕಾಗದಗಳನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ಇಟ್ಟಿದ್ದಾರೆ. ಮನೆ ಕಂದಾಯದ ರಸೀದಿ, ರೇಷನ್ ಕಾರ್ಡಿನ ಜೆರಾಕ್ಸ್, ಜಿಪಿಎಸ್ ನಕಾಶೆ. ಊರ ಹಿರಿಯರ ಹೇಳಿಕೆಯೂ ಸಾಕ್ಷಿ ಅಂತ ನಿಯಮದಲ್ಲೇ ಇದೆ. ಆದರೂ ಮೇಜಿನ ಆಚೆಯವರು ಅವರನ್ನು ಕೇಳಿದ್ದು ಹಳೇ ಸರ್ಕಾರಿ ದಾಖಲೆ. ಅದನ್ನು ಬರೆದಿಡಬೇಕಿದ್ದವರು ಯಾರು? ಇವರ ಅಜ್ಜನನ್ನು ಲೆಕ್ಕಕ್ಕೇ ಹಿಡಿಯದ ಆ ಸರ್ಕಾರದವರು ತಾನೇ.

ಹೊಸ ದೇಶಗಳ ಪಾಡು ಎಲ್ಲ ಕಡೆ ಹೆಚ್ಚುಕಮ್ಮಿ ಇದೇ. 1960 ಒಂದರಲ್ಲೇ ಆಫ್ರಿಕಾದ 17 ದೇಶಗಳು ಸ್ವತಂತ್ರವಾದವು. ಬೆಲ್ಜಿಯಂ ಆಳುತ್ತಿದ್ದ ಕಾಂಗೋದಲ್ಲಿ ಜೂನ್ 30ಕ್ಕೆ ಬಾವುಟ ಹಾರಿತು. ಸೈನ್ಯದ ಅಧಿಕಾರಿಗಳು ಮಾತ್ರ ಬೆಲ್ಜಿಯಂನವರೇ. ವಾರದೊಳಗೆ ಸಿಪಾಯಿಗಳು ದಂಗೆ ಎದ್ದರು, ಹಿಂದೆಯೇ ಗಣಿಗಳಿದ್ದ ಕಟಾಂಗಾ ತಾನೇ ಬೇರೆ ದೇಶ ಅಂದಿತು. ಇಂಥ ಭಯಕ್ಕೇ ಆಫ್ರಿಕಾದ ನಾಯಕರು 1964ರಲ್ಲಿ ಕೈರೋದಲ್ಲಿ ಕೂತು, ಬಿಳಿಯರು ಎಳೆದ ಗಡಿಗಳನ್ನೇ ಇಟ್ಟುಕೊಳ್ಳೋಣ ಎಂದು ತೀರ್ಮಾನಿಸಿದರು. ನಾವು ಒಳಗಿನ ಗೆರೆಗಳನ್ನಾದರೂ ಅಳಿಸಿದೆವು. 1862ರಲ್ಲಿ ಮದರಾಸಿನಿಂದ ಮುಂಬೈಗೆ ಸೇರಿಸಿದ್ದ ಈ ಜಿಲ್ಲೆ 1956ರಲ್ಲಿ ಕನ್ನಡ ರಾಜ್ಯಕ್ಕೆ ಬಂತು.

ಸಿಂಗಾಪುರದ ಬಾಲಕ್ಕೂ ಉತ್ತರ ಕಾರವಾರದಲ್ಲೇ ಇದೆ. ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಸಿಗದಾದಾಗ ಬ್ರಿಟಿಷರಿಗೆ ನಮ್ಮ ಬಂದರು ಬೇಕಾಯಿತು, ಹುಬ್ಬಳ್ಳಿ ಹತ್ತಿ ಸಾಗಿಸಲು. 1880ರ ದಶಕದಲ್ಲಿ ರೈಲು ಪೋರ್ಚುಗೀಸರ ಮುರ್ಮುಗೋವಾ ಬಂದರಿಗೆ ಹೋಯಿತು, ಇಲ್ಲಿನ ವ್ಯಾಪಾರ ಬಿತ್ತು. ಸಿಂಗಾಪುರಕ್ಕೆ ಅಂಥ ಗತಿ ಬರಲಿಲ್ಲ, ಅಷ್ಟೆ. ಆದರೆ ಹುಬ್ಬಳ್ಳಿಯಿಂದ ಅಂಕೋಲೆಗೆ ಇವತ್ತಿಗೂ ರೈಲು ಬಂದಿಲ್ಲವಲ್ಲ, ಅದನ್ನು ಬ್ರಿಟಿಷರ ತಲೆಗೆ ಕಟ್ಟೋಕಾಗಲ್ಲ.

"ಹಾಗಾದ್ರೆ ಏನೂ ಬದಲಾಗಿಲ್ವಾ?" ಅಂತ ಕೇಳಿದರೆ, ಗೇಣಿ ಪದ್ಧತಿ ಬದಲಾಯಿತು. ಗೇಣಿ ರೈತರನ್ನು ಸಂಘಟಿಸಿದ್ದಕ್ಕೆ ಕವಿ ದಿನಕರ ದೇಸಾಯಿಯವರನ್ನು ಬ್ರಿಟಿಷರು 1940ರಲ್ಲಿ ಜಿಲ್ಲೆಯಿಂದಲೇ ಹೊರಹಾಕಿದ್ದರು. 1974ರ ಭೂಸುಧಾರಣೆ ಬಂದಾಗ ಗೇಣಿದಾರರು ಉಳುವ ಭೂಮಿ ತಮಗೇ ಕೊಡಿ ಎನ್ನುವ ಅರ್ಜಿ, ಅಂದರೆ ಫಾರಂ ನಂಬರ್ 7, ತುಂಬಿ ಭೂ ಟ್ರಿಬ್ಯೂನಲ್ ಮುಂದೆ ನಿಂತರು. ವಕೀಲರಿಗೆ ಅಲ್ಲಿ ಪ್ರವೇಶ ಇರಲಿಲ್ಲ. ಉಳುವವನು ತಾನೇ ಮಾತಾಡುತ್ತಿದ್ದ, ಕೇಳಲು ಅಧಿಕಾರಿಯ ಜೊತೆ ಸರ್ಕಾರಿ ನೌಕರರಲ್ಲದ ಸದಸ್ಯರೂ ಕೂತಿರುತ್ತಿದ್ದರು. ಅರಣ್ಯ ಹಕ್ಕಿನ ಅರ್ಜಿಗಳನ್ನೂ ಹಾಗೆ ಕೇಳಬಹುದು. ಅದಕ್ಕೆ ಲಂಡನ್ನಿನ ಅಪ್ಪಣೆ ಬೇಕಿಲ್ಲ.