ಲೆವೆಲ್ ಪೈಪು, ಪುನರ್ಪುಳಿ ನೀರು ಮತ್ತು ಇಂಜಿನ್ನಿನ ಉಸಿರು

ದುಬೈಯಲ್ಲಿರುವ ಭಾವ ಕಳೆದ ತಿಂಗಳು ವಾಟ್ಸಾಪಿನಲ್ಲಿ ಒಂದು ಚಿತ್ರ ಕಳುಹಿಸಿದ್ದರು: ಇಂಜಿನ್ನಿಗೆ ಗಾಳಿ ತರುವ, ಕನ್ನಡಿಯಂತೆ ಹೊಳೆಯುವ ಅಲ್ಯುಮಿನಿಯಂ ಪೈಪು, ಅದರ ತುದಿಯಲ್ಲಿ ಶಂಕುವಿನಾಕಾರದ, ಕೆಂಪು ಬಣ್ಣದ ಕೋನ್ ಫಿಲ್ಟರು. ಅವರಲ್ಲಿ ಎರಡು ಬಾಗಿಲಿನ, ಮೊದಲ ತಲೆಮಾರಿನ ಟೊಯೋಟಾ 86 ಇದೆ. "ಇದು ಹಾಕಿಸಿದ್ರೆ ಪವರ್ ಜಾಸ್ತಿ ಆಗ್ತದಾ? ನೀನೊಮ್ಮೆ ಇದರಲ್ಲಿ ಕೈ ಸುಟ್ಟುಕೊಂಡವ ಅಲ್ವಾ ಮಾರಾಯ" ಎಂದು ಕೇಳಿದ್ದರು. ಎರಡು ಸಾಲಿನಲ್ಲಿ ಉತ್ತರಿಸಲು ಹೊರಟೆ, ಆಗಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನನ್ನದು 2002ರ ಹೋಂಡಾ ಸಿಟಿ ವಿಟೆಕ್. ಅದನ್ನು ಸ್ಪೋರ್ಟ್ಸ್ ಕಾರು ಎಂದರೆ ಭಾವ ನಗುತ್ತಾರೆ, ಆದರೆ 1.5 ಲೀಟರಿನ ಇಂಜಿನ್ನಿನಿಂದ 106 ಅಶ್ವಶಕ್ತಿ ಎಂಬುದು ಆ ಕಾಲಕ್ಕೆ ಸಣ್ಣ ಮಾತಾಗಿರಲಿಲ್ಲ. ಐದು ವರ್ಷಗಳ ಹಿಂದೆ ಮಂಗಳೂರಿನ ಒಂದು ಅಂಗಡಿಯಲ್ಲಿ ಆರೂವರೆ ಸಾವಿರ ರೂಪಾಯಿ ಕೊಟ್ಟು, ಕಂಪನಿಯ ಏರ್ ಬಾಕ್ಸನ್ನು (ಗಾಳಿಯ ಫಿಲ್ಟರು ಕೂರುವ ಮುಚ್ಚಿದ ಡಬ್ಬಿ) ಬಿಚ್ಚಿಸಿ, ಅದರ ಜಾಗದಲ್ಲಿ ತೆರೆದ ಕೋನ್ ಫಿಲ್ಟರು ಕೂರಿಸಿಕೊಂಡು ಬಂದೆ. ಉಡುಪಿಗೆ ಹಿಂತಿರುಗುವಾಗ ದಾರಿಯುದ್ದಕ್ಕೂ ಮುಖದಲ್ಲಿ ನಗು. ಆಕ್ಸಿಲರೇಟರ್ ಒತ್ತಿದರೆ ಬಾನೆಟ್ಟಿನೊಳಗಿನಿಂದ ಯಕ್ಷಗಾನದ ಬಣ್ಣದ ವೇಷ ರಂಗಕ್ಕೆ ಬಂದಂತೆ ಅಬ್ಬರ. ಕಾರು ವೇಗವಾಗಿದೆ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಆ ಅಬ್ಬರ ಹೊಸದಾಗಿ ಹುಟ್ಟಿದ್ದಲ್ಲ, ಇಂಜಿನ್ ಮೊದಲಿನಿಂದಲೂ ಹಾಗೆಯೇ ಗಾಳಿಯನ್ನು ಎಳೆಯುತ್ತಿತ್ತು, ಏರ್ ಬಾಕ್ಸ್ ಮತ್ತು ಅದಕ್ಕೆ ಅಂಟಿಕೊಂಡ ರೆಸೊನೇಟರ್ ಡಬ್ಬಿ ಆ ಸದ್ದನ್ನು ನುಂಗುತ್ತಿದ್ದವು ಎಂದು ತಿಳಿದುಕೊಂಡದ್ದು ಬಹಳ ತಡವಾಗಿ.

ಸಂಶಯ ಹುಟ್ಟಿಸಿದ್ದು ಮಣಿಪಾಲದ ಏರು. ಸಂಜೆಯ ಹೊತ್ತು ಕಲ್ಸಂಕದಲ್ಲಿ ಹತ್ತು ನಿಮಿಷ ಸಿಕ್ಕಿಹಾಕಿಕೊಂಡು, ಇಂದ್ರಾಳಿ ದಾಟಿ ಮೇಲೆ ಹತ್ತುವಾಗ ಸದ್ದು ಭರ್ಜರಿಯಾಗಿತ್ತು, ಎಳೆತ ಮಾತ್ರ ಮೊದಲಿನಷ್ಟೂ ಇರಲಿಲ್ಲ. ಮನೆಯಲ್ಲಿ ಮೀನಿನ ತೊಟ್ಟಿಗೆಂದು ತಂದಿದ್ದ, ಉದ್ದ ವಯರಿನ ತುದಿಯಲ್ಲಿ ಸೆನ್ಸರ್ ಇರುವ ಥರ್ಮಾಮೀಟರ್ ಒಂದಿತ್ತು. ಫಿಲ್ಟರಿನ ಹಿಂದಿನ ರಬ್ಬರ್ ಪೈಪಿಗೆ ಸಣ್ಣ ತೂತು ಮಾಡಿ, ಗ್ರಾಮೆಟ್ (ರಬ್ಬರ್ ಬಳೆ) ಹಾಕಿ, ಸೆನ್ಸರನ್ನು ಒಳಗಿಟ್ಟು, ಡಿಸ್‌ಪ್ಲೇಯನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿದೆ. ಹೊರಗೆ 33 ಡಿಗ್ರಿ ಇದ್ದ ದಿನ ಮಣಿಪಾಲದ ಟೈಗರ್ ಸರ್ಕಲ್ಲಿನ ವಾಹನಗಳ ಸಾಲಿನಲ್ಲಿ ನಿಂತಾಗ ಅದು 66 ತೋರಿಸಿತು. ಹೆದ್ದಾರಿಯಲ್ಲಿ ಪಡುಬಿದ್ರಿಯ ಕಡೆಗೆ ಒಂದೇ ವೇಗದಲ್ಲಿ ಓಡುವಾಗಲೂ 47ರಿಂದ ಕೆಳಗೆ ಇಳಿಯಲಿಲ್ಲ. ಅಟ್ಟದಲ್ಲಿದ್ದ ಹಳೆಯ ಏರ್ ಬಾಕ್ಸನ್ನು ತಂದು ಮತ್ತೆ ಜೋಡಿಸಿ ಅದೇ ದಾರಿಯಲ್ಲಿ ಓಡಿಸಿದಾಗ ಹೆದ್ದಾರಿಯಲ್ಲಿ 38, ಸಾಲಿನಲ್ಲಿ 46. ತೆರೆದ ಫಿಲ್ಟರು ರೇಡಿಯೇಟರಿನ ಹಿಂದೆ ಕುಳಿತು ಅದು ಉಗುಳಿದ ಬಿಸಿಗಾಳಿಯನ್ನೇ ಕುಡಿಯುತ್ತಿತ್ತು.

ಹಾಗಾದರೆ ಕೋನ್ ಫಿಲ್ಟರಿನಿಂದ ಲಾಭವೇ ಇಲ್ಲವೇ? ಇದೆ, ಅದನ್ನೂ ಅಳೆದೆ. ಮನೆ ಕಟ್ಟುವ ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ಪಾರದರ್ಶಕ ಲೆವೆಲ್ ಪೈಪನ್ನು ಮೂರು ಮೀಟರು ತಂದೆ. ಅದರ ಒಂದು ತುದಿಯನ್ನು ಫಿಲ್ಟರಿನ ಹಿಂದಿನ ಪೈಪಿಗೆ ಸಿಕ್ಕಿಸಿ, ಉಳಿದದ್ದನ್ನು ಕಿಟಕಿಯ ಮೂಲಕ ಒಳಗೆ ತಂದು, ಒಂದು ಹಲಗೆಯ ಮೇಲೆ 'ಯು' ಆಕಾರದಲ್ಲಿ ಕಟ್ಟಿದೆ. ಬರಿಯ ನೀರು ಕಣ್ಣಿಗೆ ಕಾಣುವುದಿಲ್ಲವೆಂದು ಅದಕ್ಕೆ ಎರಡು ಚಮಚ ಪುನರ್ಪುಳಿ (ಕೋಕಂ) ಸಾರ ಬೆರೆಸಿದೆ. (ಅಡುಗೆಮನೆಯಲ್ಲಿ ಇದಕ್ಕೆ ಅನುಮತಿ ಕೇಳಿರಲಿಲ್ಲ, ಆ ವಿಷಯ ಇಲ್ಲಿ ಬೇಡ.) ಇಂಜಿನ್ ಗಾಳಿಯನ್ನು ಜೋರಾಗಿ ಎಳೆದಾಗ ಒಂದು ಕಡೆ ನೀರು ಏರುತ್ತದೆ, ಇನ್ನೊಂದು ಕಡೆ ಇಳಿಯುತ್ತದೆ, ಎರಡೂ ಮಟ್ಟಗಳ ಅಂತರವೇ ಗಾಳಿಯ ದಾರಿಯಲ್ಲಿರುವ ಅಡ್ಡಿಯ ಅಳತೆ. 10 ಸೆಂಟಿಮೀಟರ್ ಎಂದರೆ ಸರಿಸುಮಾರು 1 ಕಿಲೊಪ್ಯಾಸ್ಕಲ್, ಅಂದರೆ ವಾತಾವರಣದ ಒತ್ತಡದ ಶೇ. 1. ಹೈಸ್ಕೂಲಿಗೆ ಹೋಗುವ ಮಗ ಪಕ್ಕದ ಸೀಟಿನಲ್ಲಿ ಸ್ಕೇಲ್ ಹಿಡಿದು ಕುಳಿತು ಅಂಕಿ ಕೂಗುತ್ತಿದ್ದ. 6000 ಆರ್‌ಪಿಎಂ (ನಿಮಿಷಕ್ಕೆ ಇಂಜಿನ್ನಿನ ಸುತ್ತುಗಳು) ಹತ್ತಿರ ಕಂಪನಿಯ ಏರ್ ಬಾಕ್ಸಿಗೆ 22 ಸೆಂಟಿಮೀಟರ್, ಕೋನ್ ಫಿಲ್ಟರಿಗೆ 7.

ಇಷ್ಟು ಕೈಗೆ ಸಿಕ್ಕಿದ ಮೇಲೆ ಉಳಿದದ್ದು ಅಂಗಡಿ ಲೆಕ್ಕ. 1.5 ಲೀಟರಿನ ನಾಲ್ಕು ಸ್ಟ್ರೋಕ್ ಇಂಜಿನ್ 6000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಹೆಚ್ಚುಕಡಿಮೆ 4500 ಲೀಟರ್ ಗಾಳಿ ಎಳೆಯುತ್ತದೆ. ಕೋನ್ ಫಿಲ್ಟರು ಉಳಿಸಿದ 15 ಸೆಂಟಿಮೀಟರ್ ಎಂದರೆ ಶೇ. 1.5ರಷ್ಟು ಹೆಚ್ಚು ಗಾಳಿ. ಆದರೆ ಗಾಳಿ 38ರಿಂದ 47 ಡಿಗ್ರಿಗೆ ಬಿಸಿಯಾದರೆ ಅದರ ಸಾಂದ್ರತೆ, ಅಂದರೆ ಅಷ್ಟೇ ಜಾಗದಲ್ಲಿ ಹಿಡಿಯುವ ಗಾಳಿ, ಸುಮಾರು ಶೇ. 3 ಇಳಿಯುತ್ತದೆ, ಟೈಗರ್ ಸರ್ಕಲ್ಲಿನ 66 ಡಿಗ್ರಿಯಲ್ಲಂತೂ ಏರ್ ಬಾಕ್ಸಿನ 46ಕ್ಕೆ ಹೋಲಿಸಿದರೆ ನಷ್ಟ ಶೇ. 6ರ ಹತ್ತಿರ. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈಯಲ್ಲಿ ಬಡ್ಡಿಸಹಿತ ಕಿತ್ತುಕೊಂಡ ಹಾಗೆ. ನಮ್ಮ ಕರಾವಳಿಯ ಜೂನ್ ತಿಂಗಳಿನ ಒದ್ದೆ ಗಾಳಿಯಲ್ಲಿ ನೀರಾವಿಯೇ ಶೇ. 3ಕ್ಕಿಂತ ಹೆಚ್ಚು ಜಾಗ ಹಿಡಿದುಕೊಂಡಿರುತ್ತದೆ. ಅದನ್ನು ತಪ್ಪಿಸುವ ಪೈಪನ್ನು ಯಾವ ಅಂಗಡಿಯವನೂ ಮಾರುವುದಿಲ್ಲ.

ಆಮೇಲೆ ಮಾಡಿದ ಒಂದು ಅಳತೆ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿತು. ಲೆವೆಲ್ ಪೈಪನ್ನು ಫಿಲ್ಟರಿನ ಹಿಂದಿನಿಂದ ತೆಗೆದು ಮುಂದೆ, ಏರ್ ಬಾಕ್ಸಿನ ಕೆಳಭಾಗಕ್ಕೆ ಸಿಕ್ಕಿಸಿದಾಗ ಅಲ್ಲಿಯೇ 14 ಸೆಂಟಿಮೀಟರ್ ಬಂತು. ಅಂದರೆ ಕತ್ತು ಹಿಸುಕುತ್ತಿದ್ದದ್ದು ಫಿಲ್ಟರಲ್ಲ, ಅದಕ್ಕೆ ಗಾಳಿ ತರುವ ಮೂತಿ. ಯಾವುದೋ ಕಾಲದ ಡಿಕ್ಕಿಯಲ್ಲಿ ಅದು ಚಪ್ಪಟೆಯಾಗಿತ್ತು, ಹಿಂದಿನ ಮಾಲೀಕರು ಗಮನಿಸಿರಲಿಲ್ಲ. ಹೆಡ್‌ಲೈಟಿನ ಹಿಂದೆ ಎತ್ತರದಿಂದ ಗಾಳಿ ಎಳೆಯುವಂತೆ ಸ್ವಲ್ಪ ಅಗಲದ, ಒಳಮೈ ನುಣುಪಾದ ಪೈಪು ಜೋಡಿಸಿ, ಏರ್ ಬಾಕ್ಸಿನ ಸಂದುಗಳಿಗೆ ರಬ್ಬರ್ ಬೀಡಿಂಗ್ ಹಾಕಿ, ಹೊಸ ಪೇಪರ್ ಫಿಲ್ಟರು ಇಟ್ಟೆ. ಒಟ್ಟು ಅಡ್ಡಿ 22ರಿಂದ 11ಕ್ಕೆ ಇಳಿಯಿತು, ಉಷ್ಣಾಂಶ ಹೆದ್ದಾರಿಯಲ್ಲಿ 36ಕ್ಕೆ ಬಂತು. ಖರ್ಚು ಒಂದು ಸಾವಿರವೂ ಆಗಲಿಲ್ಲ. ಆಗುಂಬೆಯ ತಿರುವುಗಳಲ್ಲಿ ಎರಡನೇ ಗೇರಿನ ಎಳೆತ ತಿಳಿಯುವಷ್ಟು ಸುಧಾರಿಸಿದೆ, ಸದ್ದು ಮಾತ್ರ ಮೊದಲಿನಂತೆ ಸಪ್ಪೆ.

ತಣ್ಣನೆಯ ಗಾಳಿಗಾಗಿ ಫಿಲ್ಟರನ್ನು ಬಂಪರಿನ ಒಳಗೆ, ನೆಲಕ್ಕೆ ಹತ್ತಿರ ಇಳಿಸುವ ಕಿಟ್‌ಗಳೂ ಇವೆ. ಅವನ್ನು ನಮ್ಮೂರಿನಲ್ಲಿ ಹಾಕಿಸುವುದು ಹುಚ್ಚುತನ, ರಸ್ತೆಯಲ್ಲಿ ನೀರು ನಿಂತರೆ ಇಂಜಿನ್ ಅದನ್ನೂ ಎಳೆದುಕೊಳ್ಳುತ್ತದೆ. ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ ಮಳೆನೀರು ನಿಂತಿದ್ದ ಒಂದು ದಿನ ನನ್ನ ಗೆಳೆಯನೊಬ್ಬನ ಕಾರು ನೀರಿನ ನಡುವೆ ಒಮ್ಮೆ ಕೆಮ್ಮಿ ನಿಂತಿತು. ಬಿಚ್ಚಿ ನೋಡಿದಾಗ ಪಿಸ್ಟನ್ನನ್ನು ತಳ್ಳುವ ಎರಡು ಕನೆಕ್ಟಿಂಗ್ ರಾಡುಗಳು ಬಾಗಿದ್ದವು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. 86ರ ಒಂದು ಸಿಲಿಂಡರಿನ ಗಾತ್ರ 500 ಸಿಸಿ, ಕಂಪ್ರೆಷನ್ (ಗಾಳಿಯನ್ನು ಒತ್ತುವ ಅನುಪಾತ) 12.5ಕ್ಕೆ 1, ಪಿಸ್ಟನ್ ಮೇಲಕ್ಕೆ ಬಂದಾಗ ಉಳಿಯುವ ಜಾಗ ಸುಮಾರು 43 ಸಿಸಿ. ಮೂರು ದೊಡ್ಡ ಚಮಚದಷ್ಟು ನೀರು ಸಾಕು. ಮರಳುಗಾಡಿನಲ್ಲಿ ನೀರೆಲ್ಲಿ ಎಂದು ಭಾವ ಕೇಳುವಂತಿಲ್ಲ, 2024ರ ಏಪ್ರಿಲ್ 16ರಂದು ದುಬೈಯ ಬೀದಿಗಳನ್ನು ಮುಳುಗಿಸಿದ ಮಳೆಯನ್ನು ಅವರು ಕಣ್ಣಾರೆ ಕಂಡಿದ್ದಾರೆ.

ಇನ್ನು ಅವರ ಕಾರಿನದೇ ಆದ ಒಂದು ಸೂಕ್ಷ್ಮವಿದೆ. ನನ್ನ ಸಿಟಿ ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡಿನ ಒತ್ತಡದಿಂದ ಗಾಳಿಯನ್ನು ಲೆಕ್ಕ ಹಾಕುತ್ತದೆ. 86 ಮಾತ್ರ ಪೈಪಿನೊಳಗಿನ ಬಿಸಿ ತಂತಿಯ ಎಂಎಎಫ್ ಸೆನ್ಸರಿನಿಂದ ನೇರವಾಗಿ ಅಳೆಯುತ್ತದೆ. ಆ ಸೆನ್ಸರ್ ಕೂರುವ ಜಾಗದಲ್ಲಿ ಪೈಪಿನ ವ್ಯಾಸ ಹೆಚ್ಚಾದರೆ ತಂತಿಯ ಮೇಲೆ ಗಾಳಿಯ ವೇಗ ಇಳಿಯುತ್ತದೆ, ಗಾಳಿ ಕಡಿಮೆ ಬಂದಿದೆ ಎಂದು ಇಸಿಯು (ಇಂಜಿನ್ನಿನ ಕಂಪ್ಯೂಟರ್) ಪೆಟ್ರೋಲನ್ನೂ ಕಡಿಮೆ ಸುರಿಯುತ್ತದೆ. ನಿಧಾನವಾಗಿ ಓಡಿಸುವಾಗ ಆಕ್ಸಿಜನ್ ಸೆನ್ಸರ್ ನೋಡಿ ಅದು ತಿದ್ದಿಕೊಳ್ಳುತ್ತದೆ. ಪೂರ್ತಿ ಒತ್ತಿದಾಗ ಆ ತಿದ್ದುಪಡಿಯನ್ನು ನೆಚ್ಚುವಂತಿಲ್ಲ, ನಾಕಿಂಗ್ (ಸಿಲಿಂಡರಿನೊಳಗೆ ಪೆಟ್ರೋಲು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವುದು) ಶುರುವಾಗುವುದು ಆಗಲೇ. ಎಣ್ಣೆ ಹಚ್ಚಿದ ಬಟ್ಟೆಯ ಫಿಲ್ಟರಿಗೆ ಎಣ್ಣೆ ಜಾಸ್ತಿಯಾದರೆ ಅದೇ ತಂತಿಗೆ ಮೆತ್ತಿಕೊಳ್ಳುತ್ತದೆ. ಅಲ್ಲಿಯ ನುಣ್ಣನೆಯ ಧೂಳಿಗೆ ಒಳ್ಳೆಯ ಪೇಪರ್ ಫಿಲ್ಟರೇ ವಾಸಿ ಎಂಬುದು ನನ್ನ ಅಭಿಪ್ರಾಯ. ಮೇಲಾಗಿ 86 ಮೊದಲೇ ಗ್ರಿಲ್ಲಿನ ಹಿಂದಿನಿಂದ ತಣ್ಣನೆಯ ಗಾಳಿ ಎಳೆಯುವ ಕಾರು. 4000 ಆರ್‌ಪಿಎಂ ಆಸುಪಾಸಿನಲ್ಲಿ ಎಳೆತ ಕುಸಿಯುತ್ತದೆ ಎಂದು ಭಾವ ದೂರುವುದನ್ನು ಸರಿಪಡಿಸಲು ಅನುಭವಿಗಳು ಎಕ್ಸಾಸ್ಟ್ ಹೆಡರಿಗೂ (ಇಂಜಿನ್ನಿನಿಂದ ಹೊಗೆ ಹೊರಗೊಯ್ಯುವ ಪೈಪುಗಳು) ಟ್ಯೂನಿಂಗಿಗೂ ಕೈ ಹಾಕುತ್ತಾರೆ. ಹೊಳೆಯುವ ಪೈಪೊಂದರಿಂದ ಅದು ಆಗುವ ಕೆಲಸವಲ್ಲ.

ಇಲ್ಲಿಯವರು ವಾಹನದಲ್ಲಿ ಬದಲಾವಣೆ ಮಾಡುವುದರ ಕುರಿತಾದ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನೂ ಇನ್ಶೂರೆನ್ಸ್ ಕಾಗದವನ್ನೂ ಒಮ್ಮೆ ಓದಿಕೊಂಡು ಸ್ಪ್ಯಾನರ್ ಹಿಡಿಯುವುದು ಒಳ್ಳೆಯದು.

ಇದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಲೆವೆಲ್ ಪೈಪು ಇಲ್ಲಿ ಎಲ್ಲಿ ಸಿಗ್ತದೆ ಅಂತ ಹುಡುಕುದು ಮಾರಾಯ?" ಎಂದರು. ಮುಂದಿನ ವಾರ ಪರಿಚಯದವರೊಬ್ಬರು ಹೊರಟಿದ್ದಾರೆ. ಅತ್ತೆ ಕಟ್ಟಿಟ್ಟ ಹಲಸಿನ ಹಪ್ಪಳದ ಪೊಟ್ಟಣದ ಸುತ್ತ ಮೂರು ಮೀಟರ್ ಪೈಪು ಸುತ್ತಿಟ್ಟಿದ್ದೇನೆ.