ಲೈನ್ ಕಡಿಯುತ್ತದೆ ಎಂದುಕೊಂಡೇ ಕೆಲಸ ಹಚ್ಚಿ

ಮಂಡ್ಯದಲ್ಲಿರುವ ನಮ್ಮ ಕಚೇರಿ ಚಿಕ್ಕದು. ಅಕ್ಕಿ ಗಿರಣಿಗಳಿಗೆ, ಬೆಲ್ಲದ ವರ್ತಕರಿಗೆ ಲೆಕ್ಕದ ತಂತ್ರಾಂಶ ಮಾಡಿಕೊಡುತ್ತೇವೆ. ಸ್ವಂತ ಸರ್ವರ್ ಇಟ್ಟುಕೊಂಡು ಅದಕ್ಕೆ ಎಸಿ, ಬ್ಯಾಟರಿ ಎಂದು ಸುರಿಯುವಷ್ಟು ದುಡ್ಡಿಲ್ಲ. ಹಾಗಾಗಿ ಹೋಸ್ಟಿಂಗ್ ಕಂಪನಿಯೊಂದರಿಂದ ಶೆಲ್ ಖಾತೆಯನ್ನು, ಅಂದರೆ ಅವರ ಸರ್ವರ್‌ನಲ್ಲಿ ಕಮಾಂಡ್ ಬರೆದು ಕೆಲಸ ಮಾಡಿಸುವ ಖಾತೆಯನ್ನು, ಬಾಡಿಗೆಗೆ ಪಡೆದಿದ್ದೇವೆ. ಯಂತ್ರ ಇರುವುದು ಯೂರೋಪಿನಲ್ಲಿ. ನಮಗೆ ಕಾಣುವುದು ಕಪ್ಪು ಪರದೆ ಮತ್ತು ಮಿನುಗುವ ಕರ್ಸರ್.

ಹೊಸಬರು ಕಮಾಂಡ್‌ಗಳನ್ನು ಕಾಲೇಜಿನಲ್ಲೇ ಕಲಿತು ಬಂದಿರುತ್ತಾರೆ. ಕಾಲೇಜು ಕಲಿಸದ ಪಾಠವನ್ನು ಕಲಿಸುವುದು ನಮ್ಮೂರಿನ ಕರೆಂಟ್. ಬೇಸಿಗೆಯ ಒಂದು ಮಧ್ಯಾಹ್ನ ನಮ್ಮ ಹೊಸ ಹುಡುಗಿ ಗಿರಣಿಯೊಂದರ ಹಳೆಯ ಲೆಕ್ಕವನ್ನೆಲ್ಲ ಹೊಸ ನಮೂನೆಗೆ ಬದಲಾಯಿಸುವ ಕೆಲಸ ಹಚ್ಚಿ ಕುಳಿತಿದ್ದಳು. ಕರೆಂಟ್ ಹೋಯಿತು. "ಯುಪಿಎಸ್ ಇದೆಯಲ್ಲ ಸರ್" ಎಂದಳು. ಯುಪಿಎಸ್ ನಮ್ಮ ರೂಟರನ್ನೇನೋ ಉಳಿಸಿತು, ಬೀದಿ ಕೊನೆಯ ಇಂಟರ್ನೆಟ್ ಪೆಟ್ಟಿಗೆಯನ್ನು ಉಳಿಸುವವರು ಯಾರು? ಲೈನ್ ಬಂದ ಮೇಲೆ ಒಳಹೊಕ್ಕು ನೋಡಿದರೆ ಕೆಲಸ ಅರ್ಧಕ್ಕೆ ನಿಂತಿತ್ತು. "ಅಲ್ಲಿ ಕರೆಂಟ್ ಇತ್ತಲ್ಲ ಸರ್, ಅದೇಕೆ ನಿಲ್ಲಿಸಿತು?" ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ವರ್ಷಗಟ್ಟಲೆ ಈ ಕೆಲಸ ಮಾಡಿದವರೂ ಇದನ್ನು ಕೇಳಿಕೊಂಡಿರುವುದಿಲ್ಲ.

ದೂರದ ಯಂತ್ರಕ್ಕೆ ಸುರಕ್ಷಿತ ಸಂಪರ್ಕ ಕೊಡುವ ಎಸ್‌ಎಸ್‌ಎಚ್ ಮೂಲಕ ನಾವು ಒಳಹೊಕ್ಕಾಗ ಆ ಕಡೆ ನಮಗಾಗಿ ಒಂದು ಟರ್ಮಿನಲ್, ಅಂದರೆ ಆ ಕಪ್ಪು ಪರದೆ, ತೆರೆದುಕೊಳ್ಳುತ್ತದೆ. ನಾವು ಹಚ್ಚಿದ ಕೆಲಸವೆಲ್ಲ ಅದಕ್ಕೆ ಜೋತುಬಿದ್ದಿರುತ್ತದೆ. ಲೈನ್ ಕಡಿದದ್ದು ಸರ್ವರ್‌ಗೆ ತಕ್ಷಣ ತಿಳಿಯುವುದಿಲ್ಲ. ಕೆಲಹೊತ್ತು ಉತ್ತರಕ್ಕೆ ಕಾದು, ಆಮೇಲೆ ಟರ್ಮಿನಲ್ ಮುಚ್ಚುತ್ತದೆ. ಆಗ ಅದರಲ್ಲಿದ್ದ ಪ್ರೋಗ್ರಾಂಗಳಿಗೆ 'ಹ್ಯಾಂಗಪ್' ಎಂಬ ಸಂಕೇತ ಹೋಗುತ್ತದೆ, ಬಹುಪಾಲು ಪ್ರೋಗ್ರಾಂಗಳು ಅಲ್ಲಿಗೇ ಮುಗಿಯುತ್ತವೆ. ಮೋಡೆಮ್ ಹಾಕಿ ಫೋನ್ ತಂತಿಯಲ್ಲಿ ಕಂಪ್ಯೂಟರ್ ಬಳಸುತ್ತಿದ್ದ ಕಾಲದ ಏರ್ಪಾಡು ಇದು. ಫೋನ್ ಇಟ್ಟವನು ಹೊರಟುಹೋದ ಎಂದೇ ಲೆಕ್ಕ. ಆ ಕಾಲಕ್ಕೆ ಅದು ಸರಿಯೂ ಆಗಿತ್ತು.

ಕಮಾಂಡಿನ ಆರಂಭದಲ್ಲಿ 'ನೋಹಪ್' ಎಂದು ಸೇರಿಸಿದರೆ ಪ್ರೋಗ್ರಾಂ ಈ ಸಂಕೇತಕ್ಕೆ ಕಿವಿಗೊಡುವುದಿಲ್ಲ. ಆದರೆ ಮಧ್ಯದಲ್ಲಿ ಅದು "ಅಳಿಸಲೇ?" ಎಂದು ಕೇಳಿದರೆ ಉತ್ತರಿಸಲು ನಮಗೆ ದಾರಿ ಇರುವುದಿಲ್ಲ. ಆದ್ದರಿಂದ ನನ್ನ ಮತ ಟಿಮಕ್ಸ್ ಎಂಬ ಪ್ರೋಗ್ರಾಂಗೆ. 1987ರ 'ಸ್ಕ್ರೀನ್' ಕೂಡ ಇದೇ ಕೆಲಸ ಮಾಡುತ್ತದೆ. ಟಿಮಕ್ಸ್ ಬಂದದ್ದು 2007ರಲ್ಲಿ. ಇವು ಟರ್ಮಿನಲ್ಲನ್ನು ಸರ್ವರ್‌ನಲ್ಲೇ ಹಿಡಿದಿಟ್ಟುಕೊಳ್ಳುತ್ತವೆ, ಲೈನಿನ ಹಂಗು ಅದಕ್ಕಿಲ್ಲ. ಕಂಟ್ರೋಲ್ ಜೊತೆ ಬಿ ಒತ್ತಿ, ಬಿಟ್ಟು, ಡಿ ಒತ್ತಿದರೆ ಹೊರಗೆ ಬರಬಹುದು. ಮನೆಗೆ ಹೋಗಿ ಬೇರೆ ಲ್ಯಾಪ್‌ಟಾಪ್‌ನಿಂದ 'ಟಿಮಕ್ಸ್ ಅಟ್ಯಾಚ್' ಎಂದರೆ ಅದೇ ಪರದೆ, ಅದೇ ಸಾಲು. ಸರ್ವರ್ ರೀಬೂಟ್ ಆದರೆ ಮಾತ್ರ ಇದೂ ಉಳಿಯುವುದಿಲ್ಲ. ಹಾಗಾಗಿ ದೀರ್ಘ ಕೆಲಸವು ತಾನು ಎಲ್ಲಿಯವರೆಗೆ ಬಂದೆ ಎಂಬುದನ್ನು ಒಂದು ಫೈಲಿನಲ್ಲಿ ಬರೆಯುತ್ತ ಹೋಗಬೇಕು. ಹುಡುಗಿ ಆ ಗಿರಣಿಯ ಕೆಲಸವನ್ನು ಎರಡನೆಯ ಸಲ ಹಚ್ಚಿದ್ದು ಹಾಗೆಯೇ.

ಇನ್ನು ಬಾಡಿಗೆಯ ಶೆಲ್ ಎಂದರೆ ವಠಾರದ ಮನೆ. ಬಹಳಷ್ಟು ಕಡೆ 'ಪಿಎಸ್' ಕಮಾಂಡ್ ಕೊಟ್ಟರೆ ಪಕ್ಕದ ಬಾಡಿಗೆದಾರ ಏನು ಓಡಿಸುತ್ತಿದ್ದಾನೆ ಎಂಬುದು ಪೂರ್ತಿ ಸಾಲಿನ ಸಮೇತ ಕಾಣುತ್ತದೆ. ಅವನಿಗೆ ನಮ್ಮದೂ ಅಷ್ಟೇ. ಪಾಸ್‌ವರ್ಡನ್ನು ಕಮಾಂಡಿನ ಸಾಲಿನಲ್ಲೇ ಬರೆಯುವವರನ್ನು ನಾನು ಬೈಯುವುದು ಇದಕ್ಕೇ. ಫೈಲಿನಲ್ಲಿಟ್ಟು, ಆ ಫೈಲಿಗೆ 600 ಅನುಮತಿ ಕೊಟ್ಟರೆ ಬೇರೆ ಬಾಡಿಗೆದಾರರು ಓದಲಾಗದು.

ಗಡಿಯಾರದ ವಿಷಯ ಒಂದಿದೆ. ನಮ್ಮ ಸರ್ವರ್ ನಡೆಯುವುದು ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುವ ಯುಟಿಸಿ ಸಮಯದಲ್ಲಿ. ಹೇಳಿದ ಹೊತ್ತಿಗೆ ತಾನೇ ಕೆಲಸ ಓಡಿಸುವ ಕ್ರಾನ್‌ನಲ್ಲಿ ವರದಿಗೆ ಬೆಳಿಗ್ಗೆ 6 ಎಂದು ಬರೆದರೆ ಮಂಡ್ಯದಲ್ಲಿ 11.30 ಆಗಿರುತ್ತದೆ, ಅಷ್ಟರಲ್ಲಿ ವರದಿ ಎಲ್ಲಿ ಎಂದು ವರ್ತಕರಿಂದ ಫೋನ್ ಬಂದಿರುತ್ತದೆ. ಇಲ್ಲಿಯ 6ಕ್ಕೆ ವರದಿ ಬೇಕಿದ್ದರೆ ಬರೆಯಬೇಕಾದದ್ದು 0.30.

ನೀವೂ ಇಂಥ ಖಾತೆ ತೆಗೆದುಕೊಳ್ಳುವುದಾದರೆ ದುಡ್ಡು ಕಟ್ಟುವ ಮೊದಲೇ ಒಂದು ಮಾತು ಕೇಳಿಬಿಡಿ: ನಾವು ಹೊರಬಂದ ಮೇಲೂ ಪ್ರೋಗ್ರಾಂ ಓಡಲು ಬಿಡುತ್ತೀರಾ? ಅಗ್ಗದ ಕೆಲವು ಖಾತೆಗಳಲ್ಲಿ ಬಿಡುವುದಿಲ್ಲ, ಹುಡುಕಿ ನಿಲ್ಲಿಸುತ್ತಾರೆ. ಅಲ್ಲಿ ಟಿಮಕ್ಸ್ ಇದ್ದರೂ ಪ್ರಯೋಜನವಿಲ್ಲ.